ಕರಾಚಾಯ್-ಬಾಲ್ಕರ್ ಭಾಷೆಯಲ್ಲಿ ‘ನನ್ನ ಹಳ್ಳಿಯಲ್ಲಿ’ ಅನ್ನೋದಕ್ಕೆ ಒಂದೇ ಪದವಂತೆ. ‘ನನ್ನ’ ಮೊದಲು ಬರುತ್ತದೋ, ವಿಭಕ್ತಿಯೋ?

‘ನನ್ನ’ ಮೊದಲು, ವಿಭಕ್ತಿ ಕೊನೆಗೆ. ಈ ಕ್ರಮ ಬದಲಾಗುವುದಿಲ್ಲ. ‘ಎಲ್’ ಅಂದರೆ ಹಳ್ಳಿ, ‘ಎಲಿಮ್’ ನನ್ನ ಹಳ್ಳಿ, ‘ಎಲಿಮ್‌ದೆ’ ನನ್ನ ಹಳ್ಳಿಯಲ್ಲಿ. ರಷ್ಯಾದ ಉತ್ತರ ಕಾಕಸಸ್‌ನಲ್ಲಿ, ಎಲ್ಬ್ರೂಸ್ ಶಿಖರದ ಆಸುಪಾಸಿನ ಕಣಿವೆಗಳಲ್ಲಿ ಆಡುವ ತುರ್ಕಿಕ್ ಭಾಷೆ, ಅಂದರೆ ತುರ್ಕಿ ಭಾಷೆಯ ಬಳಗದ್ದು ಇದು. ನನಗೆ ತುಂಬಾ ಇಷ್ಟ.

ಮೊದಲು ಬರೀ ವಿಭಕ್ತಿ ನೋಡಿ. ಹಳ್ಳಿಗೆ ‘ಎಲ್‌ಗೆ’, ಹಳ್ಳಿಯಲ್ಲಿ ‘ಎಲ್‌ದೆ’, ಹಳ್ಳಿಯಿಂದ ‘ಎಲ್‌ದೆನ್’. ನಮ್ಮದೇ ‘ಗೆ’ ಇದ್ದ ಹಾಗಿದೆ ಅಲ್ವಾ? ಆದರೆ ಇದನ್ನು ನೋಡಿ ನೆಂಟಸ್ತಿಕೆ ಹುಡುಕಬೇಡಿ. ಪದದ ಸ್ವರ ಬದಲಾದರೆ ಪ್ರತ್ಯಯದ ಸ್ವರವೂ ಬದಲಾಗುತ್ತದೆ. ‘ತಾವ್’ ಅಂದರೆ ಬೆಟ್ಟ, ಅಲ್ಲಿ ಅದೇ ‘ಗೆ’ ಪ್ರತ್ಯಯ ‘ಗಾ’ ಆಗುತ್ತದೆ: ಬೆಟ್ಟಕ್ಕೆ ‘ತಾವ್‌ಗಾ’.

‘ಎಲ್‌ನಿ’ ಮಾತ್ರ ಎರಡು ಕೆಲಸ ಮಾಡುತ್ತದೆ: ‘ಹಳ್ಳಿಯ’, ‘ಹಳ್ಳಿಯನ್ನು’ ಎರಡೂ ಅದೇ. ತುರ್ಕಿ ಭಾಷೆಯಲ್ಲಿ ಇವು ಬೇರೆ ಬೇರೆ. ಗೊಂದಲ ಆಗುವುದಿಲ್ಲವೇ ಅಂದರೆ, ಜಾಸ್ತಿ ಆಗುವುದಿಲ್ಲ. ‘ಹಳ್ಳಿಯ’ ಅನ್ನುವಾಗ ಮುಂದಿನ ಪದವೂ ಒಡೆತನದ ಗುರುತು ಹೊತ್ತು ಬರುತ್ತದೆ. ‘ನನ್ನ ಅಕ್ಕನ ಹಳ್ಳಿ’ ಅನ್ನಲು ‘ಎಗೆಚಿಮಿ ಎಲಿ’. ಅಕ್ಕನಿಗೂ ಗುರುತು, ಹಳ್ಳಿಗೂ ಗುರುತು. ನಾವು ಒಂದು ಕಡೆ ಹಾಕಿ ಬಿಡುತ್ತೇವೆ, ಅವರು ಎರಡೂ ಕಡೆ ಹಾಕುತ್ತಾರೆ.

ಇನ್ನು ಕಷ್ಟದ ಜಾಗ. ಎರಡು ಪ್ರತ್ಯಯ ಕೂಡುವಲ್ಲಿ ಅಕ್ಷರಗಳು ಬೀಳುತ್ತವೆ, ಹೊಸದು ಸೇರುತ್ತವೆ. ‘ನನ್ನ ಹಳ್ಳಿಗೆ’ ಅನ್ನುವಾಗ ‘ಗ್’ ಬಿದ್ದು ‘ಎಲಿಮೆ’ ಆಗುತ್ತದೆ. ‘ನನ್ನ ಹಳ್ಳಿಯ’ ಅಂದರೆ ‘ನ್’ ಬಿದ್ದು ‘ಎಲಿಮಿ’. ಮೇಲಿನ ‘ಎಗೆಚಿಮಿ’ಯಲ್ಲೂ ಇದೇ ಆಗಿದೆ. ‘ಅವನ ಹಳ್ಳಿ’ ಬರೀ ‘ಎಲಿ’, ಆದರೆ ‘ಅವನ ಹಳ್ಳಿಯಲ್ಲಿ’ ಅನ್ನುವಾಗ ನಡುವೆ ‘ನ್’ ನುಗ್ಗಿ ‘ಎಲಿನ್‌ದೆ’. ನಾವು ‘ಮರ’ವನ್ನು ‘ಮರದಲ್ಲಿ’ ಮಾಡುವಾಗ ‘ದ’ ತರುತ್ತೇವಲ್ಲ, ಹಾಗೆಯೇ. ‘ನಿನ್ನ ಹಳ್ಳಿಯಲ್ಲಿ’ ಅನ್ನಲು ‘ಎಲಿಙ್‌ದೆ’. ‘ನ್’ ಮತ್ತು ‘ಙ್’ ವ್ಯತ್ಯಾಸ ಕಿವಿಗೆ ಬೀಳದಿದ್ದರೆ ಅವನ ಊರು ನಿನ್ನದಾಗಿಬಿಡುತ್ತದೆ. ಇದನ್ನು ಬಾಯಿಬಿಟ್ಟು ಹೇಳಿಯೇ ಅಭ್ಯಾಸ ಮಾಡಿ.

ಬಹುವಚನವಿದ್ದರೆ ಅದು ಎಲ್ಲಕ್ಕಿಂತ ಮೊದಲು ಬರುತ್ತದೆ. ಹಳ್ಳಿಗಳು ‘ಎಲ್ಲೆ’, ನನ್ನ ಹಳ್ಳಿಗಳು ‘ಎಲ್ಲೆರಿಮ್’, ನನ್ನ ಹಳ್ಳಿಗಳಲ್ಲಿ ‘ಎಲ್ಲೆರಿಮ್‌ದೆ’. ‘ಎಲ್ಲೆ’ಯಲ್ಲಿ ಕಾಣದ ‘ರ್’ ಒಡೆತನದ ಪ್ರತ್ಯಯ ಸೇರಿದ ಕೂಡಲೇ ಬರುತ್ತದೆ. ತುರ್ಕಿ ಗೊತ್ತಿದ್ದವರು ಒಡೆತನದ ಪ್ರತ್ಯಯವಿಲ್ಲದ ಬಹುವಚನಕ್ಕೂ ‘ರ್’ ಸೇರಿಸಿ ‘ಎಲ್ಲೆರ್’ ಅಂದುಬಿಡುತ್ತಾರೆ. ಇಲ್ಲಿ ಅದು ಬೇಡ.