ದೇವರಿಗೆ ಏಕವಚನ ಸಲ್ಲದೇ?

ಪತ್ರ: ಹೋದ ಸಂಚಿಕೆಯ ಇಂಗ್ಲಿಷ್ ಪ್ರಾರ್ಥನೆಯ ಅನುವಾದದಲ್ಲಿ ‘ದೌ’ (thou) ಎಂಬುದನ್ನು ‘ನೀನು’ ಎಂದು ಮಾಡಿದ್ದೀರಿ. ಅದು ದೇವರಿಗೇ ಮೀಸಲಾದ ಗೌರವದ ಪದ ಅಲ್ವಾ? ‘ತಾವು’ ಎಂದಿರಬೇಕಿತ್ತು.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಷ್ಟು ಸೂಕ್ಷ್ಮವಾಗಿ ಓದಿದ್ದೀರಲ್ಲ, ಖುಷಿಯಾಯಿತು. ‘ದೌ’ ಈಗ ಚರ್ಚಿನಲ್ಲಿ, ಹಳೆಯ ಪದ್ಯಗಳಲ್ಲಿ ಮಾತ್ರ ಕೇಳುವುದರಿಂದ ಇಂಗ್ಲಿಷರ ಕಿವಿಗೂ ಅದು ಘನವಾಗಿಯೇ ಕೇಳುತ್ತದೆ. ಅಷ್ಟು ಮಾತ್ರ ಒಪ್ಪುತ್ತೇನೆ.

ಆದರೆ ಅದು ಅಪ್ಪಟ ‘ನೀನು’. ಹಳೆಯ ಇಂಗ್ಲಿಷಿನಲ್ಲಿ ಎದುರಿಗೆ ಒಬ್ಬರಿದ್ದರೆ ಆ ಪದ, ರಾಜನಾದರೂ ಅದೇ. 13ನೇ ಶತಮಾನದ ಹೊತ್ತಿಗೆ ಫ್ರೆಂಚರ ರೂಢಿ ನೋಡಿ ದೊಡ್ಡವರಿಗೆ ಬಹುವಚನದ ‘ಯೂ’ ಬಂತು. ‘ದೌ’ ಮಕ್ಕಳಿಗೆ, ಗೆಳೆಯರಿಗೆ, ಆಳುಗಳಿಗೆ ಉಳಿಯಿತು. ಬೈಗುಳಕ್ಕೂ ಬಂತು. 1603ರಲ್ಲಿ ನಾವಿಕ, ಆಸ್ಥಾನಿಕ ಸರ್ ವಾಲ್ಟರ್ ರಾಲಿಯ ರಾಜದ್ರೋಹದ ವಿಚಾರಣೆಯಲ್ಲಿ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಬೇಕೆಂದೇ ಏಕವಚನಕ್ಕೆ ಇಳಿದ.

ಇನ್ನು 1611ರ ಇಂಗ್ಲಿಷ್ ಬೈಬಲ್. ಹೀಬ್ರೂ, ಗ್ರೀಕ್ ಮೂಲದಲ್ಲಿ ಏಕವಚನ ಇದ್ದಲ್ಲೆಲ್ಲ ‘ದೌ’ ಹಾಕಿದರು. ದೇವರಿಗೂ ಅದೇ, ಸೈತಾನನಿಗೂ ಅದೇ! ಅದು ಗೌರವದ ಪದವಾಗಿದ್ದರೆ ಸೈತಾನನಿಗೆ ಯಾಕೆ ಸಿಗುತ್ತಿತ್ತು, ಹೇಳಿ.

ನನಗೆ ತುಂಬ ಇಷ್ಟವಾದವರು ಕ್ವೇಕರರು, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥದವರು. ಪಂಥ ಕಟ್ಟಿದ ಜಾರ್ಜ್ ಫಾಕ್ಸ್ ಮತ್ತು ಅವನ ಜೊತೆಯವರು ದೇವರ ಮುಂದೆ ಎಲ್ಲರೂ ಒಂದೇ ಎಂದು ನಂಬಿ, ನ್ಯಾಯಾಧೀಶರಿಗೂ ‘ದೌ’ ಎಂದರು. ಥಾಮಸ್ ಎಲ್‌ವುಡ್ ಎಂಬ ಹುಡುಗ ಅಪ್ಪನಿಗೇ ಹಾಗೆಂದು ಏಟು ತಿಂದ. ಮುಂದೆ ಕುರುಡನಾಗಿದ್ದ ಕವಿ ಮಿಲ್ಟನ್ನನಿಗೆ ಲ್ಯಾಟಿನ್ ಓದಿ ಹೇಳುತ್ತಿದ್ದವನು ಇವನೇ. ಒಂದು ಸರ್ವನಾಮಕ್ಕಾಗಿ ಇಷ್ಟು ನೋವುಂಡವರನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಉಳಿದವರು ಮಾತ್ರ ಯಾರಿಗೂ ಬೇಸರವಾಗದಿರಲೆಂದು ಎಲ್ಲರಿಗೂ ‘ಯೂ’ ಎನ್ನುತ್ತಾ ಹೋದರು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ಹಿರಿಯರ ಬಾಯಲ್ಲಿ ‘ದಾ’ ಎಂದು ಒಂದಿಷ್ಟು ಉಳಿದದ್ದು ಬಿಟ್ಟರೆ, ಇಂಗ್ಲಿಷಿನ ‘ನೀನು’ ಹೋಯಿತು.

ನಮ್ಮಲ್ಲೂ ಅದೇ ಆಗುತ್ತಿದೆಯಲ್ಲ ಎಂಬುದು ನನ್ನ ಸಂಕಟ. ಅಮ್ಮನಿಗೆ ‘ನೀನು’ ಎಂದ ಮಗುವನ್ನು ನೆಂಟರೆದುರು ಗದರಿಸುವ ಮನೆಗಳು ಜಾಸ್ತಿಯಾಗಿವೆ. ವಚನಕಾರರು, ದಾಸರು ದೇವರನ್ನು ‘ನೀನು’ ಎಂದೇ ಕರೆದರು. ನಮ್ಮಜ್ಜಿ ಮಳೆ ತಡವಾದರೆ ದೇವರ ಮನೆಯಲ್ಲಿ ನಿಂತು ‘ಏನಪ್ಪಾ, ನಿಂಗೆ ಕಣ್ಣು ಕಾಣಲ್ವಾ?’ ಎಂದು ಜೋರು ಮಾಡುತ್ತಿದ್ದರು. ಆಮೇಲೆ ಅಲ್ಲೇ ಕೂತು ಹೂ ಕಟ್ಟುತ್ತಿದ್ದರು. ಅಷ್ಟು ಸಲುಗೆ ‘ತಾವು’ ಎಂದರೆ ಬರುತ್ತದೆಯೇ?

ಆ ಪ್ರಾರ್ಥನೆಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ‘ನೀನು’ ಅಲ್ಲಿ ಹಾಗೇ ಇರಲಿ.