ದಿನಕ್ಕೆ 60 ಸಿಟಪ್ ಮಾಡುತ್ತಿದ್ದವರ ಸೊಂಟನೋವು

ಪ್ರಕರಣ: ಮಹಿಳೆ, 46 ವರ್ಷ, ಯಂತ್ರದಲ್ಲಿ ಹೊಲಿಗೆ ಕೆಲಸ. ಸೊಂಟನೋವು ಶುರುವಾಗಿ 14 ತಿಂಗಳು. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದೆ.

ಅವರು ಬಂದದ್ದು ಎಂಆರ್‌ಐ ವರದಿ ಹಿಡಿದುಕೊಂಡು. ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ, ಸೊಂಟದ ತೀರಾ ಕೆಳಗಿನ ಎಲ್4-ಎಲ್5 ಮತ್ತು ಎಲ್5-ಎಸ್1 ಡಿಸ್ಕ್‌ಗಳಲ್ಲಿ ನೀರಿನಂಶ ಇಳಿದಿದೆ, ಎತ್ತರ ತುಸು ಕುಗ್ಗಿದೆ, ಕೆಳಗಿನದು ಸ್ವಲ್ಪ ಉಬ್ಬಿದೆ, ನರದ ಮೇಲೆ ಒತ್ತಡವಿಲ್ಲ. ವರದಿಯಲ್ಲಿದ್ದದ್ದು ಇಷ್ಟೇ. ನೋವು ಸೊಂಟದ ನಡುವೆ, ಒಮ್ಮೊಮ್ಮೆ ಎಡ ಪೃಷ್ಠದವರೆಗೆ. ಮೊಣಕಾಲಿನಿಂದ ಕೆಳಗೆ ಎಂದೂ ಇಳಿದಿಲ್ಲ. 20 ನಿಮಿಷ ಕೂತರೆ 10ಕ್ಕೆ 6ರಷ್ಟು ನೋವು, ಓಡಾಡಿದರೆ ಹಗುರ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಹಿಡಿದುಕೊಳ್ಳುತ್ತದೆ. 10 ತಿಂಗಳಿಂದ ಸೊಂಟಕ್ಕೆ ಬೆಲ್ಟು.

ಮೊದಲ ಪ್ರಶ್ನೆ: "ಡಿಸ್ಕ್ ಸವೆದಿದೆ ಅಂದ್ಮೇಲೆ ವ್ಯಾಯಾಮ ಮಾಡಿದಷ್ಟೂ ಇನ್ನೂ ಸವೆಯೋದಿಲ್ವಾ?" ಎರಡನೆಯದು: "ಹೊಟ್ಟೆ ಗಟ್ಟಿಯಾಗ್ಲಿ ಅಂತ ದಿನಾ ಎದ್ದ ತಕ್ಷಣ 60 ಸಿಟಪ್ ಮಾಡ್ತೀನಿ, ಬಗ್ಗಿ ಕಾಲ್ಬೆರಳು ಮುಟ್ತೀನಿ. ಆದ್ರೂ ಯಾಕೆ ಕಡಿಮೆಯಾಗ್ತಿಲ್ಲ?"

ಎರಡನೆಯ ಪ್ರಶ್ನೆಯ ಉತ್ತರ ಅದರೊಳಗೇ ಇತ್ತು. ರಾತ್ರಿ ಮಲಗಿದಾಗ ಡಿಸ್ಕ್ ಮೇಲಿನ ಭಾರ ಇಳಿದು, ಅದು ನೀರು ಹೀರಿ ಉಬ್ಬುತ್ತದೆ. ಎದ್ದ ಮೊದಲ ಗಂಟೆಯಲ್ಲಿ ಬೆನ್ನು ಬಗ್ಗಿಸಿದರೆ ಡಿಸ್ಕ್‌ನ ಹೊರಬಳೆಯ ಮೇಲೆ ಬೀಳುವ ಒತ್ತಡ ದಿನದ ಬೇರೆ ಯಾವ ಹೊತ್ತಿಗಿಂತಲೂ ಹೆಚ್ಚು. ಸಿಟಪ್ ಎಂದರೆ ಬಗ್ಗುವುದರ ಜೊತೆಗೆ ಸ್ನಾಯುಗಳು ಬಿಗಿದು ಬೆನ್ನನ್ನು ಅದುಮುವುದೂ ಸೇರಿದ ಚಲನೆ. ಆಮೇಲೆ ದಿನವಿಡೀ ಯಂತ್ರದ ಮೇಲೆ ಬಾಗಿ ಕೂರುವ ಕೆಲಸ. ಬಗ್ಗಿದರೆ ಕೆಣಕುವ ನೋವಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗುವುದನ್ನೇ ಕೊಡುತ್ತಿದ್ದರು. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೆಳಗಿನ ಹೊತ್ತು ಬಗ್ಗುವುದನ್ನು ನಿಯಂತ್ರಿಸಿದ್ದರಿಂದಲೇ ಹಳೆಯ ಸೊಂಟನೋವು ಇಳಿದದ್ದು ದಾಖಲಾಗಿದೆ. ಹಾಗಾಗಿ ಮೊದಲ ಸಲಹೆ ವ್ಯಾಯಾಮ ಸೇರಿಸುವುದಲ್ಲ, ತೆಗೆಯುವುದು: ಸಿಟಪ್ ಬಂದ್, ಕಾಲ್ಬೆರಳು ಮುಟ್ಟುವುದು ಬಂದ್. ಎದ್ದು ಒಂದು ಗಂಟೆ ಕಳೆಯುವವರೆಗೆ ಬಗ್ಗಿ ಮಾಡುವ ಕೆಲಸ ಮುಂದಕ್ಕೆ.

ಮೊದಲ ಪ್ರಶ್ನೆಗೆ ಹೆಚ್ಚು ಸಮಯ ಬೇಕಾಯಿತು. "ಸವೆತ" ಎಂಬ ಮಾತು ಕೇಳಿದವರ ಮನಸ್ಸಿನಲ್ಲಿ ಸವೆದ ಟೈರ್ ಕೂತುಬಿಡುತ್ತದೆ. ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಅಂದಾಜು ನೋಡಿ: ಡಿಸ್ಕ್ ಸವೆತ 20ರ ವಯಸ್ಸಿನಲ್ಲಿ 37%, 40ರಲ್ಲಿ 68%, 50ರಲ್ಲಿ 80%. ಚಿತ್ರದಲ್ಲಿ ಸವೆತ ಕಂಡರೆ ನೋವು ಇರಲೇಬೇಕೆಂದಿಲ್ಲ. ವಯಸ್ಕರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳೂ ಇಲ್ಲ; ಪೋಷಕಾಂಶಗಳು ಬಹುಪಾಲು ಮೇಲಿನ ಕೆಳಗಿನ ಮೂಳೆಗಳ ಕಡೆಯಿಂದ ಜಿನುಗಿ ಒಳಸೇರುತ್ತವೆ. ಹಿತಮಿತವಾದ ಭಾರ ಅದಕ್ಕೆ ಶತ್ರುವಲ್ಲ. ವ್ಯಾಯಾಮದಿಂದ ಡಿಸ್ಕ್ ಮತ್ತೆ ಎತ್ತರವಾಗುತ್ತದೆ ಎಂಬ ಭರವಸೆಯನ್ನು ಮಾತ್ರ ಅವರಿಗೆ ಕೊಡಲಿಲ್ಲ. ಸುತ್ತಲಿನ ಸ್ನಾಯುಗಳು ಹೊತ್ತುಗೊತ್ತಿಗೆ ಬಿಗಿದು ನಿಂತರೆ ಆ ಜಾಗದ ಅಡ್ಡಾದಿಡ್ಡಿ ಅಲುಗಾಟ ತಗ್ಗುತ್ತದೆ, ಅಷ್ಟೇ.

ಪರೀಕ್ಷೆಯಲ್ಲಿ ಕಂಡದ್ದು: ಮಂಡಿ ಊರಿ ಮಾಡುವ ಪಕ್ಕದ ಸೇತುವೆ (ಮಗ್ಗುಲಾಗಿ ಮಲಗಿ ಸೊಂಟ ಎತ್ತಿ ಹಿಡಿಯುವುದು) ಬಲಕ್ಕೆ 30 ಸೆಕೆಂಡ್ ನಿಂತರೆ ಎಡಕ್ಕೆ 14 ಸೆಕೆಂಡಿಗೇ ಕುಸಿಯಿತು. ಅಂಗೈ, ಮಂಡಿ ಊರಿ ಒಂದು ಕಾಲು ಎತ್ತಿದ ಕೂಡಲೇ ಸೊಂಟ ಓರೆಯಾಯಿತು. ಹೊಟ್ಟೆಯ ಮುಂಭಾಗದ ಬಲಕ್ಕೆ ಕೊರತೆ ಇರಲಿಲ್ಲ, 60 ಸಿಟಪ್ ಮಾಡುವವರಿಗೆ ಅದು ಇದ್ದೇ ಇರುತ್ತದೆ. ಕೊರತೆ ಇದ್ದದ್ದು ತಾಳಿಕೆಯಲ್ಲಿ.

ಬಿಗಿ ಹಿಡಿಯುವುದನ್ನು ಮೊದಲು ಕಲಿಸಿದ್ದು ಕೆಮ್ಮಿನಿಂದ. ಪಕ್ಕೆಲುಬು ಮತ್ತು ಸೊಂಟದೆಲುಬಿನ ನಡುವಿನ ಮೆತ್ತನೆಯ ಜಾಗದಲ್ಲಿ ಬೆರಳೊತ್ತಿ ಒಮ್ಮೆ ಕೆಮ್ಮಿದರೆ ಸ್ನಾಯು ಬೆರಳನ್ನು ಹೊರಕ್ಕೆ ತಳ್ಳುತ್ತದೆ. ಅದೇ ಬಿಗಿಯನ್ನು ಕೆಮ್ಮದೆ, ನಾಲ್ಕರಲ್ಲಿ ಒಂದು ಪಾಲಿನಷ್ಟು ಮಾತ್ರ ತಂದು, ಉಸಿರಾಡುತ್ತಲೇ ಉಳಿಸಿಕೊಳ್ಳಬೇಕು. ಹೊಕ್ಕುಳನ್ನು ಬೆನ್ನಿಗಂಟುವಂತೆ ಒಳಗೆಳೆಯುವುದು ಬೇಡ. ಬಿಗಿ ಹಿಡಿದು ಮಾತಾಡಲು ಆಗದಿದ್ದರೆ ಉಸಿರು ಕಟ್ಟಿದ್ದಾರೆಂದೇ ಅರ್ಥ. ಇವರಿಗೆ ಇದೊಂದು ಕೂಡಿಬರಲು ನಾಲ್ಕು ದಿನ ಹಿಡಿಯಿತು.

ಆಮೇಲೆ ಮೂರೇ ವ್ಯಾಯಾಮ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ, ಬೆನ್ನೆಲುಬಿನ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಅವರ ಹೆಸರಿನಲ್ಲಿ ಪ್ರಸಿದ್ಧವಾದವು.

ಕರ್ಲ್-ಅಪ್: ಅಂಗಾತ ಮಲಗಿ ಒಂದು ಮಂಡಿ ಮಡಿಚಿ, ಇನ್ನೊಂದು ಕಾಲು ಚಾಚಿ. ಎರಡೂ ಅಂಗೈಗಳನ್ನು ಸೊಂಟದ ಕೆಳಗಿನ ಟೊಳ್ಳಿನಲ್ಲಿ ಇಟ್ಟು, ಆ ಟೊಳ್ಳು ಹಾಗೇ ಉಳಿಯಬೇಕು. ತಲೆ, ಕತ್ತು, ಭುಜ ಒಂದೇ ತುಂಡಿನಂತೆ ನೆಲದಿಂದ 2–3 ಸೆಂ.ಮೀ. ಏಳಲಿ. ತಲೆಯ ಕೆಳಗೆ ತೂಕದ ಯಂತ್ರವಿದ್ದರೆ ಅದರ ಮುಳ್ಳು ಸೊನ್ನೆಗೆ ಬರಲು ಎಷ್ಟು ಎತ್ತಬೇಕೋ ಅಷ್ಟೇ. ಮಾಡಬೇಕಾದ ಸಲಗಳಲ್ಲಿ ಅರ್ಧ ಮುಗಿದ ಮೇಲೆ ಕಾಲು ಬದಲಿಸಿ. ಸಾಮಾನ್ಯ ತಪ್ಪೆಂದರೆ ಗದ್ದವನ್ನು ಎದೆಗೆ ತರುವುದು. ಆಗ ನೋವು ಕತ್ತಿಗೆ ಬರುತ್ತದೆ. ಸಿಟಪ್ ರೂಢಿಯಾದವರು ಇಷ್ಟು ಸಣ್ಣ ಚಲನೆಯನ್ನು ನಂಬುವುದೇ ಇಲ್ಲ, ಮೇಲಕ್ಕೇ ಎದ್ದುಬಿಡುತ್ತಾರೆ.

ಪಕ್ಕದ ಸೇತುವೆ: ಮಗ್ಗುಲಾಗಿ ಮಲಗಿ, ಮೊಣಕೈ ನೇರ ಭುಜದ ಕೆಳಗೆ, ಮಂಡಿಗಳು ಮಡಿಚಿ. ಸೊಂಟವನ್ನು ಬರೀ ಮೇಲಕ್ಕಲ್ಲ, ಮುಂದಕ್ಕೂ ತಳ್ಳಿ ತೊಡೆ, ಸೊಂಟ, ಭುಜ ಒಂದೇ ಗೆರೆಗೆ ಬರಲಿ. ಮೊಣಕೈ ಭುಜದಿಂದ ದೂರ ಸರಿದರೆ ಭುಜ ನೋಯುತ್ತದೆ. ಇವರಿಗೆ ಎಡಕ್ಕೆ ಬಲಕ್ಕಿಂತ ಒಂದು ಸುತ್ತು ಹೆಚ್ಚು ಹೇಳಲಾಯಿತು.

ಬರ್ಡ್ ಡಾಗ್: ಅಂಗೈ ಭುಜದ ಕೆಳಗೆ, ಮಂಡಿ ಸೊಂಟದ ಕೆಳಗೆ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ. ಹಿಮ್ಮಡಿಯಿಂದ ಗೋಡೆ ತಳ್ಳುವಂತೆ ಕಾಲು ಚಾಚಬೇಕು, ಪೃಷ್ಠದ ಮಟ್ಟಕ್ಕಿಂತ ಮೇಲೆ ಎತ್ತಬಾರದು. ಎತ್ತಿದರೆ ಸೊಂಟ ಒಳಬಾಗಿ ಕೆಲಸವೆಲ್ಲ ಬೆನ್ನಿನ ಕೀಲುಗಳಿಗೆ ಬೀಳುತ್ತದೆ. ಸೊಂಟದ ಮೇಲೆ ಅಡ್ಡಲಾಗಿ ಒಂದು ಕೋಲು ಇಟ್ಟು ಮಾಡಿಸಿದಾಗ ಅದು ಎರಡು ವಾರ ಉರುಳುತ್ತಲೇ ಇತ್ತು. ಅಲ್ಲಿಯವರೆಗೆ ಕೈ ಊರಿಯೇ ಇಟ್ಟು ಕಾಲು ಮಾತ್ರ.

ಪ್ರಮಾಣ: ಪ್ರತಿ ಹಿಡಿತ 8 ಸೆಕೆಂಡ್, 10 ದಾಟಬಾರದು. ಮೊದಲ ಸುತ್ತು 4 ಸಲ, 30 ಸೆಕೆಂಡ್ ಬಿಡುವು, ಆಮೇಲೆ 3, ಆಮೇಲೆ 2. ದಣಿದಂತೆ ಭಂಗಿ ಕೆಡುತ್ತದೆ, ಅದಕ್ಕೇ ಇಳಿಯುವ ಎಣಿಕೆ. ಮುಂದೆ ಹೆಚ್ಚಿಸಬೇಕಾದದ್ದು ಸಲಗಳನ್ನು, ಹಿಡಿತದ ಸೆಕೆಂಡುಗಳನ್ನಲ್ಲ. ವಾರಕ್ಕೆ ಒಂದೊಂದೇ ಸಲ ಸೇರಿಸಿ 6-4-2ಕ್ಕೆ. ಹೊತ್ತು ಮಧ್ಯಾಹ್ನ ಅಥವಾ ಸಂಜೆ. ಎರಡು ನಿಮಿಷ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳು ಊರಿ ಮೈಯನ್ನು ಹಲಗೆಯಂತೆ ಹಿಡಿಯುವುದು) ನಿಲ್ಲುವ ಪಂದ್ಯ ಸೊಂಟನೋವಿನವರಿಗೆ ಬೇಕಿಲ್ಲ.

ಜೊತೆಗೆ ದಿನಕ್ಕೆ ಮೂರು ಸಲ 10 ನಿಮಿಷ ಬಿರುಸಾಗಿ, ಕೈಬೀಸಿ ನಡಿಗೆ. ಹೊಲಿಯುವಾಗ 20 ನಿಮಿಷಕ್ಕೊಮ್ಮೆ ಎದ್ದು ನಿಲ್ಲಲು ಅಲಾರಂ. ಬಟ್ಟೆಯ ಗಂಟು ಎತ್ತಲು ಸೊಂಟದ ಬದಲು ತೊಡೆಸಂದಿನಲ್ಲಿ ಮಡಿಚುವ ಅಭ್ಯಾಸ: ಬೆನ್ನಿಗೆ ಉದ್ದಕ್ಕೆ ಕೋಲು ಹಿಡಿದು, ಹಿಂದಲೆ, ಬೆನ್ನಿನ ಮೇಲ್ಭಾಗ, ಬಾಲಮೂಳೆ ಮೂರೂ ಕೋಲಿಗೆ ತಾಗಿರುವಂತೆ ಪೃಷ್ಠವನ್ನು ಹಿಂದಕ್ಕೆ ಸರಿಸುವುದು. ಯಾವುದಾದರೂ ಒಂದು ಬಿಟ್ಟುಕೊಂಡರೆ ಅಲ್ಲಿಗೇ ನಿಲ್ಲಿಸುವುದು.

ಬೆಲ್ಟ್ ಬಿಡಲು ಅವರಿಗೆ ಮನಸ್ಸಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹಳೆಯ ಸೊಂಟನೋವಿಗೆ ಬೆಲ್ಟು, ಎಳೆತದ ಚಿಕಿತ್ಸೆಗಳನ್ನು ಶಿಫಾರಸು ಮಾಡುವುದಿಲ್ಲ. ವ್ಯಾಯಾಮ, ತಿಳಿವಳಿಕೆಗಳನ್ನು ಶಿಫಾರಸು ಮಾಡುತ್ತದೆ. ಆದರೂ ಒಂದೇ ದಿನ ಕಿತ್ತೆಸೆಯಿರಿ ಎನ್ನಲಿಲ್ಲ. ಮೊದಲ ವಾರ ಮನೆಯೊಳಗೆ ಬೇಡ, ಎರಡನೆಯ ವಾರ ನಡಿಗೆಯಲ್ಲಿ ಬೇಡ, ನಾಲ್ಕನೆಯದಕ್ಕೆ ಕೆಲಸದಲ್ಲೂ ಬೇಡ.

ಮೂರನೆಯ ವಾರ ಎಡವಟ್ಟಾಯಿತು. ಎರಡು ದಿನ ಹಾಯಾಗಿತ್ತು ಅಂತ ಎಣಿಕೆಯನ್ನು ದುಪ್ಪಟ್ಟು ಮಾಡಿಕೊಂಡಿದ್ದರು. ಮರುದಿನ ನೋವು 7. ಇದು ತೀರಾ ಮಾಮೂಲು. ಆಗ ಕೊಟ್ಟ ಅಳತೆಗೋಲು: ಮಾಡುವಾಗ ನೋವು 10ಕ್ಕೆ 3ರವರೆಗೆ ಬಂದರೂ ನಡೆಯುತ್ತದೆ, ಆದರೆ ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಎಣಿಕೆಯನ್ನು ಅರ್ಧಕ್ಕೆ ತನ್ನಿ, ಪೂರ್ತಿ ಬಿಡಬೇಡಿ. ನೋವಿನ ದಾರಿಯನ್ನೂ ಗಮನಿಸಿ. ಪೃಷ್ಠದಲ್ಲಿದ್ದದ್ದು ಸೊಂಟಕ್ಕೆ ಹಿಂದೆ ಸರಿದರೆ, ಸೊಂಟ ತುಸು ಹೆಚ್ಚು ನೋಯುತ್ತಿದ್ದರೂ ಅದು ಒಳ್ಳೆಯ ಸೂಚನೆ. ಕಾಲಿನಲ್ಲಿ ಕೆಳಕ್ಕಿಳಿದರೆ ಆ ವ್ಯಾಯಾಮ ನಿಲ್ಲಿಸಿ.

12ನೆಯ ವಾರದ ಹೊತ್ತಿಗೆ ಕೂತಾಗಿನ ನೋವು 6ರಿಂದ 2–3ಕ್ಕೆ ಬಂದಿತ್ತು, ಕೂರುವ ಹೊತ್ತು 50 ನಿಮಿಷ, ಎಡಗಡೆಯ ಸೇತುವೆ 33 ಸೆಕೆಂಡ್. ಸೊನ್ನೆಯಾಗಿಲ್ಲ. ಇದೆಲ್ಲ ಆ ಮೂರು ವ್ಯಾಯಾಮಗಳದ್ದೇ ಮಹಿಮೆ ಎನ್ನಲಾಗದು. ಇಂಥ ಕೋರ್ ವ್ಯಾಯಾಮವನ್ನು (ಹೊಟ್ಟೆ, ಸೊಂಟದ ಸುತ್ತಲಿನ ಸ್ನಾಯುಗಳದ್ದು) ಬೇರೆ ವ್ಯಾಯಾಮಗಳೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ದೀರ್ಘಾವಧಿಯ ಅಂತರ ಅಷ್ಟೇನೂ ಕಾಣುವುದಿಲ್ಲ. ಸಿಟಪ್ ನಿಂತದ್ದು, ನಡಿಗೆ, ಹೆದರಿಕೆ ಇಳಿದದ್ದು, ಮೂರಕ್ಕೂ ಪಾಲಿದೆ. ಬಗ್ಗಿದರೆ ಕೆಣಕುವ ನೋವಿನವರಿಗೆ ಬೆನ್ನು ಬಗ್ಗಿಸದೆ ಶುರುಮಾಡಬಹುದಾದ ವ್ಯಾಯಾಮ ಎಂಬ ಕಾರಣಕ್ಕೆ ಇಲ್ಲಿ ಇದನ್ನು ಆರಿಸಿದ್ದು. ಇನ್ನು ಮುಂದೆ ವಾರಕ್ಕೆ ಮೂರು ದಿನ ಸಾಕು. ನಡಿಗೆ ಮಾತ್ರ ದಿನವೂ.

ಕೊನೆಯ ಭೇಟಿಯಲ್ಲಿ ಕೇಳಿದ್ದು: "ಇನ್ನೊಂದು ಎಂಆರ್‌ಐ ಮಾಡಿಸಲಾ?" ನೋವು ಇಳಿಯುತ್ತಿರುವಾಗ ಬೇಕಿಲ್ಲ. ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ, ಕಾಲಿನ ಮರಗಟ್ಟುವಿಕೆ ಹೆಚ್ಚುತ್ತ ಹೋದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಜೊತೆಗಿದ್ದರೆ, ಮಲಗಿದರೂ ರಾತ್ರಿಯೆಲ್ಲ ಬಿಡದ ನೋವಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತೊಡೆಸಂದಿ, ಗುದದ ಸುತ್ತ ಸ್ಪರ್ಶ ತಿಳಿಯದಾದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಮರುದಿನದವರೆಗೂ ಕಾಯುವಂತಿಲ್ಲ, ಅದೇ ಗಳಿಗೆ ತುರ್ತು ಚಿಕಿತ್ಸೆಗೆ.