ಕೆಂಪಾದ ಪರೀಕ್ಷೆಯನ್ನು ಬರೆಯಿರಿ

ಮಾನ್ಯರೇ,

ಕಂಟಿನ್ಯೂಯಸ್ ಇಂಟಿಗ್ರೇಷನ್ ಸರ್ವರಿನಲ್ಲಿ, ಅಂದರೆ ಪ್ರೋಗ್ರಾಮಿನ ಕೋಡ್ ಬದಲಾದಾಗಲೆಲ್ಲ ಅದನ್ನು ತಾನಾಗಿ ಪರೀಕ್ಷೆಗೆ ಒಡ್ಡುವ ಯಂತ್ರದಲ್ಲಿ, ಸ್ವಯಂಚಾಲಿತ ಪರೀಕ್ಷೆಗಳನ್ನು ಓಡಿಸುವ ಬಗೆಯನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಭಾಷೆ ಅಚ್ಚುಕಟ್ಟಾಗಿದೆ, ವಿಷಯವೂ ನಮ್ಮ ಓದುಗರಿಗೆ ಬೇಕಾದದ್ದೇ. ಆದರೆ ಲೇಖನದ ಉದ್ದಕ್ಕೂ ಪರೀಕ್ಷೆಗಳು ಪಾಸಾಗುತ್ತಲೇ ಹೋಗುತ್ತವೆ. ತಪ್ಪು ಹಿಡಿಯಲೆಂದೇ ಇಟ್ಟುಕೊಂಡ ಸರ್ವರ್ ಒಂದು ತಪ್ಪನ್ನಾದರೂ ಹಿಡಿದದ್ದನ್ನು ನೀವು ಬಿಡಿಸಿ ತೋರಿಸಿಲ್ಲ.

ಮೊದಲ ಮೂರು ಪುಟಗಳ ಇತಿಹಾಸವನ್ನು ಒಂದು ಪ್ಯಾರಾಕ್ಕೆ ಇಳಿಸಿ. ಅದರಲ್ಲಿ ತಿದ್ದಬೇಕಾದದ್ದೂ ಇದೆ. ಇಂಥ ಸರ್ವರಾಗಿ ಬಳಸುವ ಜೆಂಕಿನ್ಸ್ ತಂತ್ರಾಂಶ 2011ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ; ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ ಕೊಹ್ಸುಕೆ ಕವಾಗುಚಿ ಬರೆದ ಹಡ್ಸನ್ ಎಂಬ ತಂತ್ರಾಂಶವೇ, ಆ ಕಂಪನಿಯನ್ನು ಒರಾಕಲ್ ಕೊಂಡ ಬಳಿಕ ಹೆಸರಿನ ಹಕ್ಕಿನ ತಕರಾರು ಎದ್ದಾಗ, ಜೆಂಕಿನ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಅಂದಹಾಗೆ, ಇಂಥ ಸರ್ವರುಗಳು ಸಾಮಾನ್ಯವಾಗಿ ಪಾಸಾದದ್ದನ್ನು ಹಸಿರಿನಲ್ಲಿ, ಫೇಲಾದದ್ದನ್ನು ಕೆಂಪಿನಲ್ಲಿ ತೋರಿಸುತ್ತವೆ; ಆದರೆ ಜೆಂಕಿನ್ಸ್‌ನಲ್ಲಿ ಯಶಸ್ಸಿನ ಬಣ್ಣ ಬಹುಕಾಲ ನೀಲಿಯಾಗಿತ್ತು. ‘ಮೊದಲಿನಿಂದಲೂ ಹಸಿರು’ ಎಂಬ ನಿಮ್ಮ ಮಾತನ್ನು ತೆಗೆದುಬಿಡಿ.

‘ಸರ್ವರ್ ಪರೀಕ್ಷೆಗಳ ಫಲಿತಾಂಶವನ್ನು ಪರಿಶೀಲಿಸಿ ತೀರ್ಪು ಕೊಡುತ್ತದೆ’ ಎಂದು ಬರೆದಿದ್ದೀರಿ. ಮೂಲತಃ ಅದು ಅಷ್ಟೆಲ್ಲ ಮಾಡುವುದಿಲ್ಲ. ಯಾರಾದರೂ ಕೋಡ್ ಪುಶ್ ಮಾಡಿದೊಡನೆ (ತಂಡದ ಸಾಮಾನ್ಯ ಸಂಗ್ರಹಕ್ಕೆ ಕಳುಹಿಸಿದೊಡನೆ) ಅದರ ಹೊಸ ಪ್ರತಿಯನ್ನು ಇಳಿಸಿಕೊಂಡು, ಬಿಲ್ಡ್ ಮಾಡಿ (ಓಡಿಸಬಹುದಾದ ಪ್ರೋಗ್ರಾಮಾಗಿ ಕಟ್ಟಿ), ನೀವು ಕೊಟ್ಟ ಕಮಾಂಡನ್ನು ಓಡಿಸಿ, ಕೊನೆಗೆ ಆ ಕಮಾಂಡ್ ಬಿಟ್ಟುಹೋದ ಎಕ್ಸಿಟ್ ಕೋಡನ್ನು, ಅಂದರೆ ಮುಗಿದಾಗ ಅದು ಕೊಡುವ ಸಂಖ್ಯೆಯನ್ನು, ನೋಡುತ್ತದೆ: ಸೊನ್ನೆಯಾದರೆ ಪಾಸು, ಬೇರೇನಿದ್ದರೂ ಫೇಲು. ಇದನ್ನು ಹೇಳದೆ ಹೋದದ್ದರಿಂದ ನಿಮ್ಮ ಮಾದರಿ ಸ್ಕ್ರಿಪ್ಟಿನ ದೋಷ ನಿಮ್ಮ ಕಣ್ಣಿಗೂ ಬಿದ್ದಿಲ್ಲ. ಪರೀಕ್ಷೆಗಳನ್ನು ಓಡಿಸುವ ಪೈಟೆಸ್ಟ್‌ನ ಔಟ್‌ಪುಟ್ ಲಾಗ್ ಫೈಲಿನಲ್ಲೂ ಉಳಿಯಲಿ ಎಂದು ಅದನ್ನು ಪೈಪ್ ಮೂಲಕ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಮುಂದಿನದಕ್ಕೆ ಹಾಯಿಸುವ ದಾರಿ), ತನಗೆ ಬಂದದ್ದನ್ನು ಪರದೆಗೂ ಫೈಲಿಗೂ ಬರೆಯುವ ‘ಟೀ’ ಕಮಾಂಡಿಗೆ ಕೊಟ್ಟಿದ್ದೀರಿ. ಕಮಾಂಡುಗಳನ್ನು ಓಡಿಸುವ ಶೆಲ್ ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪೈಪಿನ ಕೊನೆಯ ಕಮಾಂಡಿನ ಕೋಡನ್ನು ಮಾತ್ರ. ಪರೀಕ್ಷೆಗಳೆಲ್ಲ ಬಿದ್ದರೂ ‘ಟೀ’ ತನ್ನ ಬರವಣಿಗೆ ಮುಗಿಸಿ ಸೊನ್ನೆ ಕೊಡುತ್ತದೆ, ಸರ್ವರ್ ಹಸಿರು ತೋರಿಸುತ್ತದೆ. ಬ್ಯಾಶ್ ಎಂಬ ಶೆಲ್ಲಿನಲ್ಲಿ, ಪೈಪಿನ ಯಾವ ಕಮಾಂಡ್ ಬಿದ್ದರೂ ಫೇಲೆಂದು ಎಣಿಸುವ ‘ಪೈಪ್‌ಫೇಲ್’ ಆಯ್ಕೆಯನ್ನು ಹಾಕಿದರೆ ಇದು ಸರಿಹೋಗುತ್ತದೆ. ಓದುಗರು ನಿಮ್ಮ ಸ್ಕ್ರಿಪ್ಟನ್ನು ನಕಲು ಮಾಡಿಕೊಳ್ಳುತ್ತಾರೆ ಎಂಬುದು ನೆನಪಿರಲಿ. ಇಂಥ ಸಾಲನ್ನು ಅಚ್ಚಿಗೆ ಕಳುಹಿಸಲು ನಾನು ಒಪ್ಪಲಾರೆ.

ಇನ್ನು ನಿಮ್ಮ ಲೇಖನದ ನಿಜವಾದ ವಸ್ತು. ಅದು ಕೊನೆಯ ಪುಟದಲ್ಲಿ, ಒಂದೇ ವಾಕ್ಯದಲ್ಲಿ ಹುದುಗಿದೆ: ‘ಸಾಲದ ಕಂತಿನ ಗಡುವನ್ನು ಲೆಕ್ಕ ಹಾಕುವ ಪರೀಕ್ಷೆಯೊಂದು ನಡುರಾತ್ರಿ ಫೇಲಾಗುತ್ತಿತ್ತು, ಬೆಳಿಗ್ಗೆ ಮತ್ತೆ ಓಡಿಸಿ ಸರಿಪಡಿಸಿದೆವು.’ ಮತ್ತೆ ಓಡಿಸಿದರೆ ಏನು ಸರಿಯಾಯಿತು? ನನ್ನ ಊಹೆ ಹೀಗಿದೆ. ಇಂಥ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಬೆಂಗಳೂರಿನಲ್ಲಿ 15ನೇ ತಾರೀಖು ಬೆಳಗಿನ ಜಾವ 2 ಗಂಟೆಯಾಗಿದ್ದರೆ ಸರ್ವರಿನಲ್ಲಿ ಇನ್ನೂ 14ರ ರಾತ್ರಿ 8.30. ಪರೀಕ್ಷೆಯು ಭಾರತದ ತಾರೀಖನ್ನು ನಿರೀಕ್ಷಿಸಿ, ಪ್ರೋಗ್ರಾಂ ಮಾತ್ರ ಯಂತ್ರದ ತಾರೀಖನ್ನು ತೆಗೆದುಕೊಂಡರೆ, ರಾತ್ರಿ 12ರಿಂದ 5.30ರವರೆಗೆ ಎರಡೂ ಹೊಂದುವುದಿಲ್ಲ; ಆಫೀಸು ತೆರೆಯುವ ಹೊತ್ತಿಗೆ ತಾನಾಗಿಯೇ ಹೊಂದಿಕೊಳ್ಳುತ್ತವೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡೂ ಭಾರತೀಯ ಕಾಲವೇ ಆದ್ದರಿಂದ ಅಲ್ಲಿ ಯಾವ ಹೊತ್ತಿನಲ್ಲೂ ಬೀಳುವುದಿಲ್ಲ. ಹಾಗಿದ್ದರೆ ಅಂದು ಪರೀಕ್ಷೆ ಹೇಳಿದ್ದು ನಿಜ, ತಪ್ಪು ಇದ್ದದ್ದು ಪ್ರೋಗ್ರಾಮಿನಲ್ಲಿ, ಮತ್ತು ಆ ತಪ್ಪು ಈಗಲೂ ಗ್ರಾಹಕರ ಕಂತಿನ ಲೆಕ್ಕದಲ್ಲಿ ಕೂತಿರಬಹುದು. ಸರ್ವರಿನ ಗಡಿಯಾರವನ್ನೇ ಭಾರತೀಯ ಕಾಲಕ್ಕೆ ಬದಲಾಯಿಸಿದರೆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಸಮಯವನ್ನು ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ವ್ಯವಸ್ಥೆ ಮಾಡಿ, ಪರೀಕ್ಷೆಯಲ್ಲಿ ಬೇಕೆಂದೇ ಬೆಳಗಿನ ಜಾವ 2 ಗಂಟೆಯನ್ನು ಕೊಟ್ಟು ನೋಡಿ, ಬಂದದ್ದನ್ನು ಬರೆಯಿರಿ.

ಒಮ್ಮೆ ಪಾಸು, ಒಮ್ಮೆ ಫೇಲು ಆಗುವ ಪರೀಕ್ಷೆಗಳು ನಿಮ್ಮ ತಂಡದ ಕಷ್ಟ ಮಾತ್ರವಲ್ಲ. ತಮ್ಮ ಪರೀಕ್ಷೆಗಳಲ್ಲಿ ಸುಮಾರು ಶೇಕಡಾ 16ರಷ್ಟರಲ್ಲಿ ಇಂಥ ಚಂಚಲತೆ ಒಂದಲ್ಲ ಒಂದು ಮಟ್ಟದಲ್ಲಿದೆ ಎಂದು ಗೂಗಲ್‌ನವರೇ 2016ರಲ್ಲಿ ಹೇಳಿದ್ದರು. ಈ ಅಂಕಿಯನ್ನು ಬಳಸಿಕೊಳ್ಳಬಹುದು, ಆದರೆ ನಿಮ್ಮ ರಾತ್ರಿಯ ಪರೀಕ್ಷೆಯ ಕಥೆ ಮುಗಿದ ಮೇಲೆ.

ಸಾಧನಗಳನ್ನು ಹೋಲಿಸುವ ಕೋಷ್ಟಕ ಬೇಡ, ಅದು ಬೇಗ ಹಳತಾಗುತ್ತದೆ. ಉಳಿದದ್ದನ್ನು ಸಾವಿರ ಪದಗಳೊಳಗೆ ತಂದು ಕಳುಹಿಸಿದರೆ ಖಂಡಿತ ಓದುತ್ತೇನೆ. ಪರೀಕ್ಷೆ ಬಿದ್ದ ರಾತ್ರಿಯ ಲಾಗ್ ಇನ್ನೂ ಉಳಿದಿದ್ದರೆ, ನಿರೀಕ್ಷಿಸಿದ ತಾರೀಖು ಮತ್ತು ಬಂದ ತಾರೀಖು ಕಾಣುವ ಸಾಲುಗಳನ್ನು ಇದ್ದಂತೆಯೇ ಸೇರಿಸಿ. ಗ್ರಾಹಕರ ಹೆಸರು, ಸರ್ವರಿನ ವಿಳಾಸ, ಪಾಸ್‌ವರ್ಡುಗಳಿದ್ದರೆ ಕಳುಹಿಸುವ ಮೊದಲು ಅಳಿಸಿಬಿಡಿ.

ಇಂತಿ,
ಸಂಪಾದಕ